ಹೊಗೆಯ ಹಿಂದೆ ಅಡಗಿದ್ದ ಹಸಿವು

ಬೆಳಗಿನ ಕೆಮ್ಮಿಗೆ ಏನಾದರೂ ಔಷಧ ಬರೆಸಿಕೊಂಡು ಬರೋಣವೆಂದು ಹೋದ ನನಗೆ ವೈದ್ಯರು ಮೊದಲು ಹಾಕಿದ ಪ್ರಶ್ನೆ, ‘ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ?’ ಎಂಬುದಾಗಿತ್ತು. ಸಿಗರೇಟಿನ ಬಗ್ಗೆ ಕೇಳಿದ್ದರೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು: 20 ವರ್ಷಗಳಿಂದ, ದಿನಕ್ಕೆ ಸರಾಸರಿ 15. ಊಟದ ವಿಷಯಕ್ಕೆ ಬಂದಾಗ ಮಾತ್ರ ತಡವರಿಸಿದೆ. ರಾತ್ರಿ ಹತ್ತರ ಮೇಲೆ ಹೊಟ್ಟೆ ಬಿರಿಯುವಂತೆ ಉಂಡದ್ದು ನೆನಪಿತ್ತು, ಮಧ್ಯಾಹ್ನ ಮೂರರ ಸುಮಾರಿಗೆ ಏನೋ ತಿಂದದ್ದು ಮಸುಕಾಗಿ ನೆನಪಿತ್ತು, ಅದಕ್ಕೆ ಮುಂಚಿನದೆಲ್ಲ ಬರೀ ಕಾಫಿ. ಅವರು ನಗಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಒಂದು ವಾರ ಬರೆದು ತನ್ನಿ, ಎಡಗಡೆ ತಿಂದದ್ದು, ಬಲಗಡೆ ಸೇದಿದ್ದು, ಎರಡಕ್ಕೂ ಗಂಟೆ, ನಿಮಿಷ ಹಾಕಿ ಎಂದರು.

ಆ ನೋಟ್‌ಬುಕ್ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ನಾಲ್ಕನೆಯ ಪುಟದ ಅಂಚಿನಲ್ಲಿ ಕಿಡಿ ಬಿದ್ದು ಸುಟ್ಟ, ಸಾಸಿವೆ ಕಾಳಿನಷ್ಟು ಗಾತ್ರದ ಒಂದು ತೂತಿದೆ. ಆ ಪುಟದ ಬಲಗಡೆ 6.50, 7.35, 9.10, 10.20, 11.40, 12.55 ಎಂದು ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿವೆ. ಎಡಗಡೆ ಮಧ್ಯಾಹ್ನ 2.50ರವರೆಗೆ ‘ಕಾಫಿ’, ‘ಕಾಫಿ’ ಎಂಬ ಎರಡು ಪದಗಳನ್ನು ಬಿಟ್ಟರೆ ಹಾಳೆ ಬೆಳ್ಳಗಿದೆ. ಬರೆಯುವಾಗ ಅದು ನನಗೆ ತೋರಲಿಲ್ಲ. ವಾರದ ಕೊನೆಯಲ್ಲಿ ಏಳೂ ಪುಟಗಳನ್ನು ಒಟ್ಟಿಗೆ ತಿರುವಿ ಹಾಕಿದಾಗ, ತಿಂಡಿ ಇರಬೇಕಾದ ಹೊತ್ತಿನಲ್ಲೆಲ್ಲ ಸಿಗರೇಟು ಬಂದು ಕೂತಿರುವುದು, ಯಾರದೋ ಮನೆಯಲ್ಲಿ ಬೇರೊಬ್ಬರು ಸಂಸಾರ ಹೂಡಿದಂತೆ ಕಂಡಿತು.

ನಿಕೋಟಿನ್ ಹಸಿವನ್ನು ಕೊಲ್ಲುತ್ತದೆ ಎಂಬುದು ಸೇದುವವರಿಗೆಲ್ಲ ಅನುಭವದಿಂದ ಗೊತ್ತಿರುವ ಮಾತು. ಆ ಕೆಲಸವನ್ನು ಅದು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತದೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಎಳೆದ ಹೊಗೆಯೊಳಗಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಹಸಿವನ್ನು ತಗ್ಗಿಸುವ ನರಕೋಶಗಳನ್ನು ಎಬ್ಬಿಸುತ್ತದೆ. ಜೊತೆಗೆ ಅಡ್ರಿನಲಿನ್ ಏರಿ, ಯಕೃತ್ತು ಕೂಡಿಟ್ಟಿದ್ದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ಚುರುಗುಟ್ಟುವುದು ನಿಲ್ಲುತ್ತದೆ, ಆದರೆ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿದಾಗ ಮೈ ಮತ್ತೆ ಕೇಳುತ್ತದೆ, ಆಗ ಅದು ಕೇಳುತ್ತಿರುವುದು ಅನ್ನವನ್ನೋ ಹೊಗೆಯನ್ನೋ ಎಂದು ಬಿಡಿಸಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. 20 ವರ್ಷ ನಾನು ಎರಡಕ್ಕೂ ಒಂದೇ ಉತ್ತರ ಕೊಟ್ಟಿದ್ದೆ.

ಎರಡನೆಯ ಭೇಟಿಯಲ್ಲಿ ಪರೀಕ್ಷೆಗಳಾದವು. ಉಸಿರಿನಲ್ಲಿರುವ ಇಂಗಾಲದ ಮಾನಾಕ್ಸೈಡನ್ನು ಅಳೆಯುವ, ಅಂಗೈ ಅಗಲದ ಒಂದು ಯಂತ್ರಕ್ಕೆ 15 ಸೆಕೆಂಡು ಉಸಿರು ಕಟ್ಟಿಹಿಡಿದು ನಿಧಾನವಾಗಿ ಊದಿದಾಗ ಅದು 22 ಎಂದು ತೋರಿಸಿತು, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 22 ಭಾಗ. ಸೇದದವರಲ್ಲಿ ಅದು ಸಾಮಾನ್ಯವಾಗಿ 6ರ ಕೆಳಗೇ ಇರುತ್ತದಂತೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವ ಚಾಳಿ ಮಾತ್ರ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಆಮ್ಲಜನಕ ಕೂರಬೇಕಾದ ಜಾಗವನ್ನು ಹೀಗೆ ಆಕ್ರಮಿಸಿಕೊಂಡರೆ ದೇಹ ಆ ಕೊರತೆ ತುಂಬಲು ಕೆಂಪು ರಕ್ತಕಣಗಳನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ನನ್ನ ಹಿಮೋಗ್ಲೋಬಿನ್ 16.4 ಎಂದು ಬಂದಾಗ ನಾನು ಹಿಗ್ಗಿದ್ದೆ. ಅದು ಹಿಗ್ಗುವ ವಿಷಯವಲ್ಲವೆಂದು ಆಗ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಸೇದುವವರ ಹಿಮೋಗ್ಲೋಬಿನ್ ಅಂಕಿಯಿಂದ ಒಂದಿಷ್ಟು ಕಳೆದ ಮೇಲೆಯೇ ರಕ್ತಹೀನತೆಯನ್ನು ತೀರ್ಮಾನಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ನನ್ನಲ್ಲಿ ಮಿತಿಯೊಳಗಿದ್ದರೂ ಕೆಳಗಿನ ಅಂಚಿಗೆ ಬಂದು ನಿಂತಿತ್ತು. ಮೇಲಿನ ಅಂಕಿ ಚೆನ್ನಾಗಿ ಕಾಣುತ್ತಿತ್ತು, ಉಗ್ರಾಣ ಖಾಲಿಯಾಗುತ್ತಿತ್ತು.

ಶ್ವಾಸಕೋಶದ ಪರೀಕ್ಷೆ ಎಲ್ಲಕ್ಕಿಂತ ತ್ರಾಸದಾಯಕವಾಗಿತ್ತು. ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯನ್ನು ಬಾಯಲ್ಲಿ ಕಚ್ಚಿಸಿ, ಎದೆ ತುಂಬ ಎಳೆದುಕೊಂಡ ಉಸಿರನ್ನು ಒಮ್ಮೆಲೇ ಹೊರಗೆ ಚಿಮ್ಮಿಸಿ, ಆ ಮೇಲೂ ಬಿಡದೆ ಕೊನೆಯ ಹನಿಯವರೆಗೆ ಊದಬೇಕು. ಪಕ್ಕದಲ್ಲಿ ನಿಂತ ತಂತ್ರಜ್ಞೆ ‘ಇನ್ನೂ, ಇನ್ನೂ, ಇನ್ನೂ, ಬಿಡಬೇಡಿ’ ಎಂದು ಕೂಗುತ್ತಿದ್ದರು. ಐದನೆಯ ಸೆಕೆಂಡಿಗೆ ಕೆಮ್ಮು ಒತ್ತರಿಸಿ ಬಂದು ಮೊದಲ ಎರಡು ಪ್ರಯತ್ನಗಳು ಕೆಟ್ಟವು. ಮೂರನೆಯದರಲ್ಲಿ ಸಿಕ್ಕಿದ ಲೆಕ್ಕ: ಮೊದಲ ಒಂದು ಸೆಕೆಂಡಿನಲ್ಲಿ ನಾನು ಹೊರಹಾಕಿದ ಗಾಳಿ ಒಟ್ಟು ಗಾಳಿಯ ಶೇ 74ರಷ್ಟು. ಶೇ 70ಕ್ಕಿಂತ ಇಳಿದರೆ ಶ್ವಾಸನಾಳಗಳು ಕಟ್ಟಿಕೊಳ್ಳುತ್ತಿವೆ ಎಂದು ಅರ್ಥ. ನಾನಿನ್ನೂ ಗೆರೆಯ ಈಚೆಗಿದ್ದೆ, ಆದರೆ ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು.

ವೈದ್ಯರು ಹೆದರಿಸುವ ಮನುಷ್ಯರಲ್ಲ. ಅವರು ಹೇಳಿದ್ದು ಬ್ರಿಟನ್ನಿನಲ್ಲಿ 1951ರಲ್ಲಿ ಶುರುವಾಗಿ 50 ವರ್ಷ ನಡೆದ ಒಂದೇ ಒಂದು ಅಧ್ಯಯನದ ಮಾತನ್ನು. ರಿಚರ್ಡ್ ಡಾಲ್ ಮತ್ತು ಸಂಗಡಿಗರು ಅಲ್ಲಿನ ವೈದ್ಯರನ್ನೇ ವಿಷಯವಾಗಿಸಿಕೊಂಡು, ಯಾರು ಸೇದುತ್ತಾರೆ, ಯಾರು ಬಿಟ್ಟರು, ಯಾರು ಯಾವಾಗ ಸತ್ತರು ಎಂದು ಅರ್ಧ ಶತಮಾನ ಲೆಕ್ಕವಿಟ್ಟರು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಹೋದರು. 60ನೆಯ ವಯಸ್ಸಿನಲ್ಲಿ ಬಿಟ್ಟವರು ಅದರಲ್ಲಿ 3 ವರ್ಷಗಳನ್ನು, 50ರಲ್ಲಿ ಬಿಟ್ಟವರು 6, 40ರಲ್ಲಿ ಬಿಟ್ಟವರು 9 ವರ್ಷಗಳನ್ನು ಮರಳಿ ಪಡೆದರು. ನನಗೆ ಆಗ 41 ತುಂಬಿತ್ತು. ಸಾವಿನ ಮಾತುಗಳಿಗೆಲ್ಲ ಕಿವುಡಾಗಿದ್ದ ನನಗೆ ಈ ಮರಳಿ ಸಿಗುವ ಲೆಕ್ಕ ಮಾತ್ರ ಒಳಕ್ಕೆ ಇಳಿಯಿತು. ಬಹುಶಃ ಕಳೆದುಕೊಳ್ಳುವುದನ್ನು ಪೊಟ್ಟಣದ ಮೇಲೆ ದಿನವೂ ಓದಿ ಓದಿ ಅದು ಸವೆದುಹೋಗಿತ್ತು.

ಹಿಂದೆ ನಾನು ಬಿಡಲು ಯತ್ನಿಸಿರಲಿಲ್ಲವೆಂದಲ್ಲ. ಒಮ್ಮೆ ‘ಲೈಟ್’ ಎಂದು ಕರೆಯುವ ಸಿಗರೇಟಿಗೆ ಬದಲಾಯಿಸಿದ್ದೆ. ಅದರ ಫಿಲ್ಟರಿನ ಸುತ್ತ ಗಾಳಿ ಬೆರೆಯಲೆಂದು ಸೂಜಿಮೊನೆಯಂಥ ರಂಧ್ರಗಳಿರುತ್ತವೆ. ಅಳೆಯುವ ಯಂತ್ರಕ್ಕೆ ಅವು ಹೊಗೆಯನ್ನು ತೆಳುವಾಗಿಸಿ ಕೊಡುತ್ತವೆ, ಮನುಷ್ಯನ ಬೆರಳು, ತುಟಿಗಳು ಅವನ್ನೇ ಮುಚ್ಚಿಬಿಡುತ್ತವೆ, ಉಳಿದ ಕೊರತೆಯನ್ನು ನಾವು ಇನ್ನಷ್ಟು ಆಳಕ್ಕೆ ಎಳೆದು ತುಂಬಿಕೊಳ್ಳುತ್ತೇವೆ. ಇನ್ನೊಮ್ಮೆ ದಿನಕ್ಕೆ ಮೂರಕ್ಕೆ ಇಳಿಸಿ ನೆಮ್ಮದಿಯಾಗಿದ್ದೆ. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕೆ ಇಪ್ಪತ್ತು ಸೇದುವವನ ಹೆಚ್ಚುವರಿ ಅಪಾಯದ ಅರ್ಧದ ಹತ್ತಿರಹತ್ತಿರ ಉಳಿದೇ ಇರುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಮೂರನೆಯ ಬಾರಿ ಹಟ ಹಿಡಿದು ಒಮ್ಮೆಗೇ ನಿಲ್ಲಿಸಿ, ಒಂಬತ್ತನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಮುರಿದೆ. ಆ ದಿನ ಬೆಳಗ್ಗೆ ತಿಂಡಿ ತಿಂದಿದ್ದೆನೇ? ಖಂಡಿತ ಇಲ್ಲ.

ಚಟ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಆರು ಪ್ರಶ್ನೆಗಳ ಫಾಗರ್‌ಸ್ಟ್ರಾಮ್ ಪರೀಕ್ಷೆಯೊಂದಿದೆ. ಅದರಲ್ಲಿ ನನಗೆ 10ಕ್ಕೆ 6 ಬಂತು. ಎದ್ದು ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ ಎಂಬ ಪ್ರಶ್ನೆಗೆ ಅದರಲ್ಲಿ ಹೆಚ್ಚು ತೂಕ. ರಾತ್ರಿಯಿಡೀ ನಿಕೋಟಿನ್ ಇಳಿದು ಬೆಳಗ್ಗೆ ರಕ್ತ ಬರಿದಾಗಿರುತ್ತದೆ, ಆಗಿನ ಆತುರವೇ ಚಟದ ಆಳ. ಈ ಅಂಕ ನೋಡಿ, ಬರೀ ಮನೋಬಲವನ್ನು ನೆಚ್ಚಿಕೊಳ್ಳುವುದು ಬೇಡ ಎಂದರು. ವಾರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳನ್ನೂ ವಿವರಿಸಿದರು. ನಾನು ಆರಿಸಿಕೊಂಡದ್ದು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನೂ ಅಗಿಯುವ ನಿಕೋಟಿನ್ ಗಮ್ಮನ್ನೂ ಜೊತೆಯಾಗಿ ಬಳಸುವ ದಾರಿ. ಪಟ್ಟಿ ದಿನವಿಡೀ ಒಂದೇ ಸಮನೆ ಸ್ವಲ್ಪ ಸ್ವಲ್ಪ ನಿಕೋಟಿನ್ ಇಳಿಸುತ್ತದೆ, ಗಮ್ಮು ತಡೆಯಲಾರದ ಗಳಿಗೆಗೆ. ಒಂದನ್ನೇ ಬಳಸುವುದಕ್ಕಿಂತ ಎರಡನ್ನೂ ಬಳಸಿದವರಲ್ಲಿ ಬಿಟ್ಟು ಉಳಿಯುವವರು ಹೆಚ್ಚು.

ಆದರೆ ಬಿಡಲು ಗೊತ್ತುಮಾಡಿದ ದಿನಕ್ಕೆ ಇನ್ನೂ ಮೂರು ವಾರ ಇತ್ತು. ಆ ಮೂರು ವಾರ ಸಿಗರೇಟನ್ನು ಮುಟ್ಟಬೇಡಿ ಎಂದಲ್ಲ, ಊಟವನ್ನು ಹೊತ್ತಿಗೆ ಸರಿಯಾಗಿ ತನ್ನಿ ಎಂದರು. ಎದ್ದ ಒಂದು ಗಂಟೆಯೊಳಗೆ ತಿಂಡಿ, ಹನ್ನೊಂದಕ್ಕೆ ಒಂದು ಹಣ್ಣು, ಒಂದೂವರೆಗೆ ಊಟ, ಐದಕ್ಕೆ ಒಂದು ಹಿಡಿ ಕಾಳು ಅಥವಾ ಬೀಜ, ಎಂಟರೊಳಗೆ ರಾತ್ರಿಯೂಟ. ಸುತ್ತಿ ಬಳಸಿ ಹೋಗುವ ಈ ದಾರಿ ನನಗೆ ಮೊದಲು ಹಿಡಿಸಲಿಲ್ಲ. ಕೆಮ್ಮಿಗೆ ಬಂದವನಿಗೆ ಹಣ್ಣು ತಿನ್ನಲು ಹೇಳುತ್ತಾರಲ್ಲ ಎಂದುಕೊಂಡೆ. ಬೆಳಗ್ಗೆ ಏಳೂವರೆಗೆ ತಟ್ಟೆಯ ಮುಂದೆ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. 20 ವರ್ಷ ಆ ಹೊತ್ತಿಗೆ ಕೆಲಸವಿಲ್ಲದೆ ಕೂತಿದ್ದ ಹೊಟ್ಟೆ ಈಗ ಯಾಕೆ ಎಬ್ಬಿಸುತ್ತೀರಿ ಎನ್ನುತ್ತಿತ್ತು. ಎರಡನೆಯ ವಾರ ಅದು ತಾನಾಗಿ ಕೇಳತೊಡಗಿತು. ನೋಟ್‌ಬುಕ್ಕಿನ ಬಲಗಡೆಯ ಅಂಕಣದಲ್ಲಿ 10.20ರದ್ದು ಮೊದಲು ಕಾಣೆಯಾಯಿತು, ಆಮೇಲೆ 12.55ರದ್ದು. ಪ್ರಯತ್ನಪಟ್ಟು ಕಡಿಮೆ ಮಾಡಿದ್ದಲ್ಲ, ಮರೆತದ್ದು. 15 ಇದ್ದದ್ದು 11ಕ್ಕೆ ಬಂದಿತ್ತು.

ಎಷ್ಟು ತಿನ್ನಬೇಕೆಂಬುದನ್ನೂ ಅಳೆದು ನೋಡಿದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದೇ ಇಟ್ಟು 400 ಆಗುವ ಹೊತ್ತಿಗೆ ಮೇಜಿನ ಮೇಲೆ ಒಂದು ಸಣ್ಣ ರಾಶಿಯೇ ಎದ್ದಿತ್ತು; ಅದುವರೆಗೆ ನಾನು ತಿನ್ನುತ್ತಿದ್ದುದನ್ನು ಬೇರೆಯಾಗಿ ತೂಗಿದರೆ 120 ಗ್ರಾಂ ದಾಟಲಿಲ್ಲ. ಪ್ರೋಟೀನ್ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಎಂಬ ಲೆಕ್ಕದಲ್ಲಿ 68 ಕಿಲೋ ಇದ್ದ ನನಗೆ ಸುಮಾರು 54 ಗ್ರಾಂ. ಒಂದೇ ಹೊತ್ತು ಗಡದ್ದಾಗಿ ಉಣ್ಣುವವನಿಗೆ ಅಷ್ಟು ಪ್ರೋಟೀನ್ ಸಿಗುವುದೇ ಕಷ್ಟ. ಮೂರು ಹೊತ್ತಿಗೆ ಹಂಚಿದಾಗ ಅದು ಲೆಕ್ಕ ಹಾಕದೆಯೇ ತುಂಬುತ್ತಿತ್ತು.

ಇನ್ನು ‘ಸಿ’ ಜೀವಸತ್ವದ ವಿಷಯ. ಪ್ರತಿ ಎಳೆತದಲ್ಲೂ ಒಳಗೆ ಹೋಗುವ ಆಕ್ರಮಣಕಾರಿ ಕಣಗಳನ್ನು ತಣಿಸುವುದರಲ್ಲೇ ಸೇದುವವರ ದೇಹ ಈ ಜೀವಸತ್ವವನ್ನು ಹೆಚ್ಚು ಖರ್ಚು ಮಾಡುತ್ತದೆ. ವಯಸ್ಕ ಗಂಡಸಿಗೆ ದಿನಕ್ಕೆ 90, ಹೆಂಗಸಿಗೆ 75 ಮಿಲಿಗ್ರಾಂ ಎಂದು ಲೆಕ್ಕ ಕೊಡುವ ಅಮೆರಿಕದ ಪಟ್ಟಿ ಸೇದುವವರಿಗೆ ಅದರ ಮೇಲೆ ಇನ್ನೂ 35 ಸೇರಿಸುತ್ತದೆ. ಮಧ್ಯಮ ಗಾತ್ರದ ಒಂದು ಕಿತ್ತಳೆಯಲ್ಲಿ ಇರುವುದು ಸುಮಾರು 70. ದಾಸ್ತಾನು ಖಾಲಿಯಾಗುತ್ತಿದ್ದ ನನ್ನ ಕಬ್ಬಿಣದ ಕಥೆಗೂ ಇದಕ್ಕೂ ನಂಟಿತ್ತು: ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ‘ಸಿ’ ಜೀವಸತ್ವ ನೆರವಾಗುತ್ತದೆ, ಊಟದ ಜೊತೆಗೇ ಕುಡಿದ ಕಾಫಿ, ಚಹಾ ಅಡ್ಡಿಪಡಿಸುತ್ತವೆ. ನಾನು ಮೊದಲನೆಯದನ್ನು ತಿನ್ನದೆ ಎರಡನೆಯದನ್ನು ಕುಡಿದುಕೊಂಡಿದ್ದೆ. ಕಾಫಿಯನ್ನು ಊಟದಿಂದ ಒಂದು ಗಂಟೆ ಆಚೆಗೆ ತಳ್ಳಿದೆ.

ಇಲ್ಲಿ ನನ್ನದೊಂದು ಅವಿವೇಕವನ್ನು ಹೇಳಲೇಬೇಕು. ಪೌಷ್ಟಿಕಾಂಶದ ವಿಷಯ ತಲೆಗೇರಿದ ಹುಮ್ಮಸ್ಸಿನಲ್ಲಿ, ಯಾರನ್ನೂ ಕೇಳದೆ, ಶ್ವಾಸಕೋಶಕ್ಕೆ ಒಳ್ಳೆಯದೆಂದು, ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಅಂಶದ ಮಾತ್ರೆಗಳ ಡಬ್ಬಿಯೊಂದನ್ನು ತಂದು ನುಂಗತೊಡಗಿದ್ದೆ. ಮುಂದಿನ ಭೇಟಿಯಲ್ಲಿ ಹೆಮ್ಮೆಯಿಂದ ತೋರಿಸಿದಾಗ ವೈದ್ಯರು ಡಬ್ಬಿಯನ್ನು ತೆಗೆದು ಮೇಜಿನ ಆಚೆ ಬದಿಗೆ ಇಟ್ಟರು. ಫಿನ್ಲೆಂಡಿನಲ್ಲಿ ಸೇದುವ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಯಿತಂತೆ. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿನ್ನಿ, ಎಷ್ಟು ಬೇಕಾದರೂ ತಿನ್ನಿ, ಮಾತ್ರೆ ಬೇಡ ಎಂದರು. ತರಕಾರಿಯಲ್ಲಿರುವುದೂ ಡಬ್ಬಿಯಲ್ಲಿರುವುದೂ ಹೆಸರಿನಲ್ಲಿ ಒಂದೇ ಆದರೂ ಮೈಯೊಳಗೆ ಒಂದೇ ಕೆಲಸ ಮಾಡಬೇಕೆಂದಿಲ್ಲ ಎಂಬುದನ್ನು ಅಲ್ಲಿಯವರೆಗೆ ನಾನು ಯೋಚಿಸಿರಲೇ ಇಲ್ಲ.

ಗೊತ್ತುಮಾಡಿದ ದಿನ ಬೆಳಗ್ಗೆ ಎದ್ದೊಡನೆ ತೋಳಿಗೆ 21 ಮಿಲಿಗ್ರಾಂ ಪಟ್ಟಿ ಅಂಟಿಸಿಕೊಂಡೆ. ಆರು ವಾರ ಇದು, ಮುಂದಿನ ಎರಡು ವಾರ 14, ಕೊನೆಯ ಎರಡು ವಾರ 7. ಗಮ್ಮಿನಲ್ಲಿ ಮೊದಲ ದಿನವೇ ಎಡವಿದೆ. ಅದನ್ನು ಸಾಮಾನ್ಯ ಗಮ್ಮಿನಂತೆ ಒಂದೇ ಸಮನೆ ಅಗಿದು, ಬಾಯಿ ತುಂಬಿದ ನೀರನ್ನೆಲ್ಲ ನುಂಗಿದ್ದರಿಂದ ಗಂಟಲು ಉರಿದು, ಬಿಕ್ಕಳಿಕೆ ಹತ್ತಿ, ಹೊಟ್ಟೆ ತೊಳಸತೊಡಗಿತು. ನಾಲ್ಕಾರು ಬಾರಿ ಅಗಿದು, ನಾಲಗೆ ಚುರುಚುರು ಎಂದಾಗ ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿ ಸುಮ್ಮನಿರಬೇಕು, ಚುರುಚುರು ಕಡಿಮೆಯಾದಾಗ ಮತ್ತೆ ಅಗಿಯಬೇಕು. ನಿಕೋಟಿನ್ ಹೀರಿಕೆಯಾಗುವುದು ಬಾಯಿಯ ಒಳಪದರದಿಂದ, ಹೊಟ್ಟೆಯಿಂದಲ್ಲ. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಕಾಫಿಯನ್ನೋ ಹಣ್ಣಿನ ರಸವನ್ನೋ ಕುಡಿದಿದ್ದರೆ ಬಾಯಿ ಹುಳಿಯಾಗಿ ಹೀರಿಕೆ ಬಹಳ ಕಡಿಮೆಯಾಗುತ್ತದೆ. ಇದೆಲ್ಲ ಪೊಟ್ಟಣದ ಮೇಲೆ ಬರೆದಿತ್ತು, ನಾನು ಓದಿರಲಿಲ್ಲ.

ಮೂರನೆಯ ದಿನ ಯಂತ್ರಕ್ಕೆ ಊದಿದಾಗ 3 ಎಂದು ಬಂತು. 22ರಿಂದ 3. ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿ ತೊಲಗಿಬಿಡುತ್ತದೆ ಎಂದು ಮೊದಲೇ ಹೇಳಿದ್ದರೂ ಆ ಒಂಟಿ ಅಂಕಿಯನ್ನು ಕಣ್ಣಾರೆ ಕಂಡಾಗ ಮನಸ್ಸು ಹಗುರಾಯಿತು. ಅದೇ ದಿನವೇ ಮೈಮನಸ್ಸು ಅತ್ಯಂತ ಕೆಟ್ಟಿದ್ದ ದಿನವೂ ಹೌದು. ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ತಳಮಳ ತುತ್ತತುದಿಗೇರುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ತಣ್ಣಗಾಗುತ್ತದೆ. ಸಿಡುಕು ವಿಪರೀತವಾಗಿತ್ತು, ಬಾಗಿಲು ಹಾಕಿದ ಸದ್ದಿಗೂ ರೇಗುತ್ತಿದ್ದೆ. ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಮಲಬದ್ಧತೆಯೂ ಜೊತೆಗೂಡಿತು, ಅದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ದಿನಕ್ಕೆ 25 ಗ್ರಾಮಿಗೆ ಕಡಿಮೆಯಿಲ್ಲದಷ್ಟು ನಾರಿನಂಶ, ಅದರ ಹಿಂದೆ ಸಾಕಷ್ಟು ನೀರು ಎಂಬ ಸೂತ್ರ ಅದನ್ನು ಹತ್ತು ದಿನಗಳಲ್ಲಿ ಬಿಡಿಸಿತು.

ನನ್ನನ್ನು ದಾರಿ ತಪ್ಪಿಸಿದ್ದು ಮಾತ್ರ ಬೇರೆಯದೇ ಒಂದು ಲಕ್ಷಣ. ನಾಲ್ಕನೆಯ ದಿನದಿಂದ ಕೈ ಸಣ್ಣಗೆ ನಡುಗುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು, ರಾತ್ರಿ ಎರಡರವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಇದೆಲ್ಲ ಸಿಗರೇಟು ಬಿಟ್ಟದ್ದರ ಕಾಟವೆಂದೂ ಒಂದನ್ನು ಸೇದಿದರೆ ಸರಿಹೋಗುವುದೆಂದೂ ನಂಬಿಬಿಟ್ಟಿದ್ದೆ. ಫೋನಿನಲ್ಲಿ ಕೇಳಿದಾಗ ವೈದ್ಯರು ಕಾಫಿ ಎಷ್ಟು ಕುಡಿಯುತ್ತೀರಿ ಎಂದರು. ಮೊದಲಿನಷ್ಟೇ, ಐದು ಲೋಟ. ಅರ್ಧ ಮಾಡಿ ಎಂದರು. ಕೆಫೀನನ್ನು ಒಡೆದು ಹಾಕುವ ಕಿಣ್ವವೊಂದು ಯಕೃತ್ತಿನಲ್ಲಿದೆ. ಸಿಗರೇಟಿನ ಹೊಗೆಯಲ್ಲಿರುವ ಟಾರಿನ ರಾಸಾಯನಿಕಗಳು ಆ ಕಿಣ್ವವನ್ನು ವರ್ಷಗಟ್ಟಲೆ ಚುರುಕಾಗಿ ದುಡಿಸುತ್ತಿರುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ವೇಗಕ್ಕೆ ಇಳಿಯುತ್ತದೆ, ಅದೇ ಐದು ಲೋಟ ಕಾಫಿಯ ಕೆಫೀನು ರಕ್ತದಲ್ಲಿ ಮೊದಲಿಗಿಂತ ಬಹಳ ಹೆಚ್ಚು ಹೊತ್ತು ಉಳಿಯುತ್ತದೆ. ಈ ಕೆಲಸ ಹೊಗೆಯದೇ ಹೊರತು ನಿಕೋಟಿನ್ನಿನದಲ್ಲವಾದ್ದರಿಂದ ತೋಳಿನ ಪಟ್ಟಿ ಇದಕ್ಕೆ ಉಪಯೋಗವಿಲ್ಲ. ಎರಡು ಲೋಟಕ್ಕೆ ಇಳಿಸಿದ ಮೂರನೆಯ ರಾತ್ರಿ ನಿದ್ದೆ ಬಂತು. ಎಷ್ಟು ಜನ ಈ ಕಾಫಿಯ ನಡುಕವನ್ನು ಸಿಗರೇಟಿನ ಕರೆಯೆಂದು ತಪ್ಪು ತಿಳಿದು ಮತ್ತೆ ಕಡ್ಡಿ ಗೀರಿರಬಹುದೋ ಎಂದು ಈಗಲೂ ಅನ್ನಿಸುತ್ತದೆ.

ಎರಡನೆಯ ವಾರದಲ್ಲಿ ಹಸಿವು ಬಂತು. ಬಂತು ಎನ್ನುವುದಕ್ಕಿಂತ, ಬೀಗ ಹಾಕಿದ್ದ ಕೋಣೆಯಿಂದ ಹೊರಬಿತ್ತು ಎನ್ನಬೇಕು. ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೇನಾದರೂ ಬೇಕೆನಿಸುತ್ತಿತ್ತು, ಅದರಲ್ಲೂ ಸಿಹಿ. ಇಲ್ಲಿ ನೋಟ್‌ಬುಕ್ ಮತ್ತೆ ಉಪಕಾರಕ್ಕೆ ಬಂತು. ತಿನ್ನಬೇಕೆನಿಸಿದಾಗಲೆಲ್ಲ ಹೊತ್ತು ಬರೆದು, ಒಂದು ಲೋಟ ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ಬರೆಯುತ್ತಿದ್ದೆ. ಸಿಗರೇಟಿನ ಹಂಬಲ ಅಲೆಯಂತೆ ಎದ್ದು, ನಾಲ್ಕೈದು ನಿಮಿಷಗಳಲ್ಲಿ ಮುರಿದು ಬೀಳುತ್ತಿತ್ತು. ಅದು ಎದೆಯಲ್ಲಿ, ಗಂಟಲಲ್ಲಿ, ಬೆರಳುಗಳಲ್ಲಿ ಇರುತ್ತಿತ್ತು. ಹಸಿವು ಮೆಲ್ಲಗೆ ಬಂದು ಕದಲದೆ ಕೂರುತ್ತಿತ್ತು, ನೀರಿಗೆ ಬಗ್ಗುತ್ತಿರಲಿಲ್ಲ, ಅದರ ಜಾಗ ಹೊಟ್ಟೆಯೇ. ಹೀಗೆ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ನನಗೆ ಸುಮಾರು ಮೂರು ವಾರ ಹಿಡಿಯಿತು. ಗುರುತು ಹತ್ತಿದ ಮೇಲೆ ಗಮ್ಮಿನ ಖರ್ಚು ಅರ್ಧಕ್ಕಿಳಿಯಿತು, ಏಕೆಂದರೆ ಅದುವರೆಗೆ ಎಷ್ಟೋ ಬಾರಿ ಹಸಿವಿಗೆ ಗಮ್ಮು ಅಗಿಯುತ್ತಿದ್ದೆ.

ನಾಲಗೆಗೂ ಜೀವ ಬರುತ್ತಿತ್ತು. ಒಂದು ರಾತ್ರಿ, ಯಾವಾಗಲೂ ಹಾಕಿಕೊಳ್ಳುವಷ್ಟೇ ಉಪ್ಪನ್ನು ತಟ್ಟೆಯ ಮೇಲೆ ಉದುರಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರೆ ಕಟು ಉಪ್ಪು, ನುಂಗಲಾಗಲಿಲ್ಲ. ಮನೆಯವರನ್ನು ಕೇಳಿದರೆ ಅಡುಗೆಯಲ್ಲಿ ಉಪ್ಪು ಎಂದಿನಷ್ಟೇ ಇತ್ತು. ಅಷ್ಟು ವರ್ಷ ರುಚಿ ತಿಳಿಯದೆ ಮೇಲಿಂದ ಮೇಲೆ ಉದುರಿಸಿಕೊಳ್ಳುತ್ತಿದ್ದವನು ನಾನು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ಮಿತಿಯೊಳಗೆ ಬರಲು ನಾನು ಯಾವ ವ್ರತವನ್ನೂ ಹಿಡಿಯಬೇಕಾಗಲಿಲ್ಲ, ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಒಳಗಿಟ್ಟದ್ದಷ್ಟೆ.

ಕೆಮ್ಮು ಮಾತ್ರ ಮೂರನೆಯ ವಾರ ಹೆಚ್ಚಾಯಿತು. ಯಾವ ಕೆಮ್ಮಿಗಾಗಿ ಇಷ್ಟೆಲ್ಲ ಹೂಡಿದ್ದೆನೋ ಅದೇ ಇಮ್ಮಡಿಯಾದರೆ ಸಿಟ್ಟು ಬಾರದೆ ಇರುತ್ತದೆಯೇ? ಶ್ವಾಸನಾಳಗಳ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಮರಗಟ್ಟಿಸಿರುತ್ತದೆ. ಹೊಗೆ ನಿಂತ ಮೇಲೆ ಅವು ಮತ್ತೆ ಎದ್ದು, ಬಿದ್ದಿದ್ದ ಹಳೆಯ ಕೊಳೆಯನ್ನು ಗುಡಿಸತೊಡಗುತ್ತವೆ, ಆ ಗುಡಿಸುವಿಕೆಯೇ ಈ ಕೆಮ್ಮು. ಎಂಟನೆಯ ವಾರದ ಹೊತ್ತಿಗೆ ಅದು ಅಡಗಿತು. ಬೆಳಗ್ಗೆ ಎದ್ದಾಗ ಎದೆ ಗೊರಗುಟ್ಟದೆ ಇದ್ದದ್ದು ನನಗಿಂತ ಮೊದಲು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದವರಿಗೆ ತಿಳಿಯಿತು.

ನಲವತ್ತೊಂದನೆಯ ದಿನ ಜಾರಿದೆ. ದೂರದ ಪ್ರಯಾಣ ಮುಗಿಸಿ ಸಂಜೆ ನಾಲ್ಕಕ್ಕೆ ಪರಿಚಿತರೊಬ್ಬರ ಜೊತೆ ನಿಂತಿದ್ದಾಗ ಅವರು ಚಾಚಿದ್ದನ್ನು ತೆಗೆದುಕೊಂಡು, ಹಚ್ಚಿ, ಮುಕ್ಕಾಲು ಭಾಗ ಸೇದಿದೆ. ತಲೆ ಗಿರ್ರೆಂದಿತು, ಬಾಯಿ ಸುಟ್ಟ ಕಾಗದ ಅಗಿದಂತಾಯಿತು, ಆದರೂ ಮುಕ್ಕಾಲು ಭಾಗ ಸೇದಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ವೈದ್ಯರಿಗೆ ಹೇಳದೆ ಬಿಡೋಣವೆಂದುಕೊಂಡಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದಿದ್ದೆನಾದ್ದರಿಂದ ಹೇಳಬೇಕಾಯಿತು. ಅವರು ಬಲಗಡೆಯ ಅಂಕಣದ ಆ ಒಂದು ಸಾಲನ್ನು ನೋಡಿ, ಬೆರಳನ್ನು ಎಡಗಡೆಗೆ ಸರಿಸಿದರು. ಬೆಳಗ್ಗೆ ಐದೂವರೆಗೆ ಅರ್ಧ ಲೋಟ ಹಾಲು. ಆಮೇಲೆ ನಾಲ್ಕರವರೆಗೆ ಹಾಳೆ ಬೆಳ್ಳಗಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಪಟ್ಟಿಯನ್ನು ಹಾಗೆಯೇ ಮುಂದುವರಿಸಿ, ಲೆಕ್ಕವನ್ನು ಒಂದರಿಂದ ಶುರು ಮಾಡಬೇಕಾಗಿಲ್ಲ, ಪ್ರಯಾಣಕ್ಕೆ ಹೊರಟಾಗ ಚೀಲದಲ್ಲಿ ತಿನ್ನಲು ಏನಾದರೂ ಇರಲಿ ಎಂದು ಬರೆದುಕೊಟ್ಟರು. ಅಂದಿನಿಂದ ನನ್ನ ಚೀಲದ ಮುಂಜೇಬಿನಲ್ಲಿ ಬೀಜಗಳ ಸಣ್ಣದೊಂದು ಡಬ್ಬಿ ಇದ್ದೇ ಇರುತ್ತದೆ.

ಒಂದು ವರ್ಷದ ನಂತರ ಮತ್ತೆ ಮೂಗಿಗೆ ಕ್ಲಿಪ್ಪು ಹಾಕಿಸಿಕೊಂಡು ಊದಿದೆ. ಕೆಮ್ಮದೆ ಮೊದಲ ಪ್ರಯತ್ನದಲ್ಲೇ ಮುಗಿಯಿತು. ಮೊದಲ ಸೆಕೆಂಡಿನ ಗಾಳಿ ಹಿಂದಿನ ಬಾರಿಗಿಂತ 60 ಮಿಲಿಲೀಟರ್ ಹೆಚ್ಚಾಗಿತ್ತು, ಅಷ್ಟು ಏರಿಳಿತ ಪರೀಕ್ಷೆಯಿಂದ ಪರೀಕ್ಷೆಗೆ ಸುಮ್ಮನೆಯೂ ಬರಬಹುದಾದ್ದರಿಂದ ಅದನ್ನು ದೊಡ್ಡದು ಮಾಡಬೇಡಿ ಎಂದರು. ಹೋದದ್ದು ಪೂರ್ತಿ ಮರಳುವುದಿಲ್ಲ. ವಯಸ್ಸಿನೊಂದಿಗೆ ಎಲ್ಲರಲ್ಲೂ ಇಳಿಯುವ ಅಳತೆ ಸೇದುವವರಲ್ಲಿ ಬೇಗ ಬೇಗ ಇಳಿಯುತ್ತದೆ, ಬಿಟ್ಟವರಲ್ಲಿ ಆ ಇಳಿತದ ವೇಗ ಸೇದದವರ ಹತ್ತಿರಕ್ಕೆ ಬರುತ್ತದೆ. ಹೃದ್ರೋಗದ ಹೆಚ್ಚುವರಿ ಅಪಾಯ ಒಂದು ವರ್ಷದಲ್ಲಿ ಅರ್ಧದಷ್ಟು ಕಳೆಯುತ್ತದೆ, ಶ್ವಾಸಕೋಶದ ಕ್ಯಾನ್ಸರಿನದು ಅಷ್ಟಕ್ಕೆ ಇಳಿಯಲು 10 ವರ್ಷ ಬೇಕು. ಫೆರಿಟಿನ್ ಏರಿತ್ತು, ಹಿಮೋಗ್ಲೋಬಿನ್ 15.3ಕ್ಕೆ ಇಳಿದಿತ್ತು, ಈ ಬಾರಿ ಇಳಿದದ್ದಕ್ಕೆ ಹಿಗ್ಗಿದೆ.

ತೂಕ ಮೊದಲ ಮೂರು ತಿಂಗಳಲ್ಲೇ 4 ಕಿಲೋ ಏರಿತ್ತು. ಬಿಟ್ಟವರಲ್ಲಿ ವರ್ಷದೊಳಗೆ ಸರಾಸರಿ 4ರಿಂದ 5 ಕಿಲೋ ಏರುತ್ತದೆ, ಅದರಲ್ಲಿ ಬಹುಪಾಲು ಮೊದಲ ತಿಂಗಳುಗಳಲ್ಲೇ. ನಿಕೋಟಿನ್ ಹಸಿವನ್ನು ತಡೆಯುವುದರ ಜೊತೆಗೆ ದೇಹ ಸುಮ್ಮನಿದ್ದಾಗ ಸುಡುವ ಶಕ್ತಿಯನ್ನೂ ಕೊಂಚ ಹೆಚ್ಚಿಸಿಟ್ಟಿರುತ್ತದೆ, ಅದು ನಿಂತಾಗ ಉಳಿತಾಯ ಸೊಂಟದಲ್ಲಿ ಜಮೆಯಾಗುತ್ತದೆ. ನಾನು ಗಾಬರಿಯಾಗಿ ಊಟ ಕಡಿಮೆ ಮಾಡಲೇ ಎಂದು ಕೇಳಿದಾಗ ವೈದ್ಯರು ಒಪ್ಪಲಿಲ್ಲ. ಒಂದೇ ಸಲ ಎರಡು ಯುದ್ಧ ಬೇಡ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಸಿಹಿಯ ಜಾಗಕ್ಕೆ ಹಣ್ಣು ತನ್ನಿ, ತಿಂಡಿಯನ್ನು ಮಾತ್ರ ಬಿಡಬೇಡಿ ಎಂದರು. ನಡೆದೆ. ನಾಲ್ಕು ಕಿಲೋದಲ್ಲಿ ಒಂದು ಇಳಿಯಿತು, ಮೂರು ಹಾಗೆಯೇ ಉಳಿದಿದೆ. ಕಳೆದ ತಿಂಗಳು ಐದು ಪ್ಯಾಂಟುಗಳನ್ನು ದರ್ಜಿಗೆ ಕೊಟ್ಟು ಸೊಂಟದ ಹೊಲಿಗೆ ಬಿಡಿಸಿಕೊಂಡೆ.